ಮಾವ ದಾಟಿದ ಬಾಗಿಲುಗಳು

ಕಳೆದ ವರ್ಷ ಮಾವನನ್ನು ದುಬೈಗೆ ಕಳಿಸಿಕೊಡಲು ಬೆಂಗಳೂರಿಗೆ ಹೋಗಿದ್ದೆ. ಅವರು ಯಾವಾಗಲೂ ಮಂಗಳೂರಿನಿಂದಲೇ ಹೋಗುವವರು. ಆ ಸಲ ಅಲ್ಲಿಂದ ಟಿಕೆಟ್ ವಿಪರೀತ ದುಬಾರಿಯಾಗಿತ್ತು. ಕುಂದಾಪುರದಿಂದ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಬಾಗಿಲಲ್ಲಿ ನಿಂತೆವು. ಸೂರಿನ ತುಂಬ ಬಿದಿರಿನ ಜಾಲರಿ. ಮಾವ ತಲೆ ಎತ್ತಿ ನೋಡಿ, "ಚಪ್ರ ಹಾಕ್ದ್ ಹಾಂಗೇ ಇತ್ ಮಾರಾಯ" ಅಂದರು.

ಈ ಚಪ್ಪರ ಯಾರು ಹಾಕಿದ್ದು ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್‌ನಲ್ಲಿ ಹುಡುಕಿದೆ. ಸಿಕ್ಕಿದ್ದು ಅಮೆರಿಕದ ಒಂದು ಕಂಪೆನಿಯ ಹೆಸರು: ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್. ಚಿಕ್ಕದಾಗಿ ಎಸ್‌ಒಎಂ. ಮಾವ ಇಪ್ಪತ್ತು ವರ್ಷದಿಂದ ದುಬೈಯಲ್ಲಿ ನೋಡುತ್ತಿರುವ ಬುರ್ಜ್ ಖಲೀಫಾದ ನಕ್ಷೆಯೂ ಅವರದ್ದೇ. ಗಂಗೊಳ್ಳಿ, ಕೋಡಿ ಕಡೆಯವರು ಹಜ್‌ಗೆ ಹೋಗುವಾಗ ಇಳಿಯುವ ಜೆಡ್ಡಾದ ಹಜ್ ಟರ್ಮಿನಲ್ ಕೂಡ ಅವರದ್ದೇ. ನಮ್ಮ ಜನ ಇಷ್ಟೆಲ್ಲ ಬಾಗಿಲು ದಾಟಿದ್ದಾರೆ, ಕಂಪೆನಿಯ ಹೆಸರು ಮಾತ್ರ ನಮಗೆ ಗೊತ್ತೇ ಇರಲಿಲ್ಲ.

1936ರಲ್ಲಿ ಷಿಕಾಗೋದಲ್ಲಿ ಲೂಯಿ ಸ್ಕಿಡ್‌ಮೋರ್ ಮತ್ತು ನಥಾನಿಯಲ್ ಓವಿಂಗ್ಸ್ ಸೇರಿ ಈ ಆಫೀಸು ತೆರೆದರು. ಇಬ್ಬರೂ ಭಾವ-ಮೈದುನ. ಓವಿಂಗ್ಸ್ ಅಕ್ಕ-ತಂಗಿಯರಲ್ಲಿ ಒಬ್ಬರನ್ನು ಸ್ಕಿಡ್‌ಮೋರ್ ಮದುವೆಯಾಗಿದ್ದರು. 1939ರಲ್ಲಿ ಜಾನ್ ಮೆರಿಲ್ ಸೇರಿದರು. ಯುದ್ಧದ ಕಾಲದಲ್ಲಿ ಅಮೆರಿಕ ಸರಕಾರ ಅಣುಬಾಂಬ್ ಕೆಲಸಕ್ಕೆ ಗುಟ್ಟಾಗಿ ಕಟ್ಟಿಸಿದ ಓಕ್ ರಿಜ್ ಎಂಬ ಊರಿನ ನಕ್ಷೆಯನ್ನು ಮಾಡಿದ್ದು ಇವರೇ. ಎರಡೇ ಮೂರು ವರ್ಷದಲ್ಲಿ ಅಲ್ಲಿ ಸುಮಾರು 75,000 ಜನ ತುಂಬಿದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಗಾಜಿನ ಗೋಡೆಯ ಲಿವರ್ ಹೌಸ್, 1952ರಲ್ಲಿ. ಇವತ್ತು ಬೆಂಗಳೂರಿನಲ್ಲಿ ಕಾಣುವ ಗಾಜಿನ ಆಫೀಸುಗಳಿಗೆಲ್ಲ ಅಂಥ ಕಟ್ಟಡಗಳೇ ಹಿರಿಯಜ್ಜ. ನಮ್ಮ ಸೆಕೆಗೆ ಗಾಜಿನ ಗೋಡೆ ಯಾಕೆ ಬೇಕಿತ್ತೋ, ಅದು ಬೇರೆ ಮಾತು.

ಈ ಕಂಪೆನಿಯ ಕತೆಯಲ್ಲಿ ನನಗೆ ಹಿಡಿಸಿದ್ದು ಫಜಲುರ್ ರಹಮಾನ್ ಖಾನ್. ಮೂವರು ಯಜಮಾನರಲ್ಲಿ ಒಬ್ಬರಲ್ಲ, ಇಂಜಿನಿಯರ್. 1929ರಲ್ಲಿ, ಆಗ ಬ್ರಿಟಿಷ್ ಭಾರತದಲ್ಲಿದ್ದ ಪೂರ್ವ ಬಂಗಾಳದಲ್ಲಿ ಹುಟ್ಟಿದವರು. ಕಲ್ಕತ್ತಾ ಹತ್ತಿರದ ಶಿಬ್‌ಪುರದಲ್ಲಿಯೂ ಢಾಕಾದಲ್ಲಿಯೂ ಓದಿ, 1952ರಲ್ಲಿ ಸ್ಕಾಲರ್‌ಶಿಪ್ ಪಡೆದು ಅಮೆರಿಕಕ್ಕೆ ಹೋದರು. 1955ರಲ್ಲಿ ಎಸ್‌ಒಎಂ ಸೇರಿದರು.

ಕಟ್ಟಡ ಎತ್ತರವಾದಷ್ಟೂ ಅದನ್ನು ಕಾಡುವುದು ಭಾರಕ್ಕಿಂತ ಗಾಳಿ. ಮಳೆಗಾಲದಲ್ಲಿ ತೆಂಗಿನಮರ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಗೆ ತಡೆಯಬೇಕೆಂದು ಒಳಗೆಲ್ಲ ಕಂಬ ನಿಲ್ಲಿಸುತ್ತ ಹೋದರೆ ಉಕ್ಕು ಹೆಚ್ಚು ಬೇಕು, ಖರ್ಚೂ ಹೆಚ್ಚು. ಖಾನ್ ಬಲವನ್ನು ಹೊರಮೈಗೆ ತಂದರು. ಇಡೀ ಕಟ್ಟಡವೇ ಒಂದು ಟೊಳ್ಳು ಕೊಳವೆ, ಬಿದಿರಿನ ಹಾಗೆ. ಷಿಕಾಗೋದ 110 ಮಹಡಿಯ ಸಿಯರ್ಸ್ ಟವರ್‌ಗೆ ಒಂಬತ್ತು ಕೊಳವೆಗಳನ್ನು ಹೊರೆ ಕಟ್ಟಿದಂತೆ ಒಟ್ಟಿಗೆ ಸೇರಿಸಿದರು. 1973ರಲ್ಲಿ ಅದು 442 ಮೀಟರ್ ತಲುಪಿತು, ಎರಡು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. 1971ರಲ್ಲಿ ಊರಿನಲ್ಲಿ ಯುದ್ಧ ನಡೆದಾಗ ಇದೇ ಖಾನ್ ಷಿಕಾಗೋದಲ್ಲಿ ಬಂಗಾಳಿಗಳನ್ನು ಸೇರಿಸಿ ಬಾಂಗ್ಲಾದ ಜನರಿಗೆ ಹಣ ಎತ್ತಿದ್ದರು.

ಜೆಡ್ಡಾ ಟರ್ಮಿನಲ್‌ನಲ್ಲಿಯೂ ಅವರ ಕೈ ಇದೆ. ಅಲ್ಲಿ ಗಗನಚುಂಬಿ ಇಲ್ಲ, ಡೇರೆಗಳಿವೆ. ಒಂದೊಂದು 45 ಮೀಟರ್ ಚೌಕದ 210 ಡೇರೆ, ಗೋಡೆ ಇಲ್ಲ. ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ, ಕೆಳಗೆ ಎಸಿ ಇಲ್ಲದೆ ತಂಪು. 1982ರಲ್ಲಿ ಖಾನ್ ತೀರಿಕೊಂಡದ್ದು ಜೆಡ್ಡಾದಲ್ಲೇ, 52ನೇ ವಯಸ್ಸಿಗೆ.

ಬುರ್ಜ್ ವಿಷಯ ಮಾವನ ಬಾಯಲ್ಲೇ ಕೇಳಬೇಕು. ಅವರು ಅಡುಗೆ ಕೆಲಸಕ್ಕೆ ಹೋದವರು. 2004ರಲ್ಲಿ ಗುಂಡಿ ತೋಡಲು ಶುರುವಾದಾಗ, "ಎಂತದೋ ಮಾಲ್ ಇರ್ಕ್" ಅಂದುಕೊಂಡಿದ್ದರಂತೆ. ಆಮೇಲೆ ಅದು ಏರಿತು, ಏರುತ್ತಲೇ ಇತ್ತು. 2010ರ ಜನವರಿ 4ರಂದು ಉದ್ಘಾಟನೆ, ಎತ್ತರ 828 ಮೀಟರ್. ಏಡ್ರಿಯನ್ ಸ್ಮಿತ್ ವಾಸ್ತುಶಿಲ್ಪಿ, ಬಿಲ್ ಬೇಕರ್ ಇಂಜಿನಿಯರ್. ನಡುವೆ ಗಟ್ಟಿ ತಿರುಳು, ಮೂರು ಕಡೆಗೆ ಮೂರು ರೆಕ್ಕೆ. ಮೂರು ಕಲ್ಲಿನ ಒಲೆಯಂತೆ ಯಾವ ಕಡೆ ಒತ್ತಿದರೂ ಉಳಿದೆರಡು ತಡೆಯುತ್ತವೆ. ಸೆಕೆಗಾಲದಲ್ಲಿ ಕಾಂಕ್ರೀಟಿಗೆ ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಸುರಿಯುತ್ತಿದ್ದರು.

ಮೇಲೆ ದುಡಿದವರಲ್ಲಿ ಹೆಚ್ಚಿನವರು ನಮ್ಮ ಕಡೆಯ ದೇಶಗಳವರು, ಒಂದು ಹಂತದಲ್ಲಿ ದಿನಕ್ಕೆ 12,000 ಜನ. 2006ರ ಮಾರ್ಚ್‌ನಲ್ಲಿ ಕೂಲಿ ಮತ್ತು ಬಸ್ ವಿಷಯಕ್ಕೆ ಅವರಲ್ಲಿ ಸಾವಿರಾರು ಮಂದಿ ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದ್ದರು. ಕಟ್ಟಡದ ಚಂದದ ಪುಸ್ತಕಗಳಲ್ಲಿ ಈ ಪುಟ ಕಡಿಮೆ. ಮಾವನಿಗೆ ನೆನಪಿರುವುದು ಮಾತ್ರ ಅದೇ.

ಬೆಂಗಳೂರಿನ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೂ ಅಲ್ಲಿಂದಲೇ. ಸುಮಾರು 2.55 ಲಕ್ಷ ಚದರ ಮೀಟರ್, ವರ್ಷಕ್ಕೆ ಎರಡೂವರೆ ಕೋಟಿ ಜನ ಓಡಾಡಬಹುದು. ಗಾಜಿನ ಪೆಟ್ಟಿಗೆಗೆ ಹೆಸರಾದ ಕಂಪೆನಿ ಇಲ್ಲಿ ಬಿದಿರು, ಇಟ್ಟಿಗೆ, ತೂಗುವ ಗಿಡಗಳಿಗೆ ಬಂದು ನಿಂತಿದೆ. ನನಗಂತೂ ಅವರ ಎತ್ತರದ ಕಟ್ಟಡಗಳಿಗಿಂತ ಇದೂ ಜೆಡ್ಡಾದ ಡೇರೆಯೂ ಹೆಚ್ಚು ಇಷ್ಟ.

ಬಸ್ರೂರಿನಿಂದ ಹೋಗುವುದು ಹೊಸತೇನಲ್ಲ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಬಂದರಿನಿಂದ ಐನೂರು ವರ್ಷದ ಹಿಂದೆ ಹೊರ್ಮುಜ್, ಏಡನ್‌ಗೆ ಅಕ್ಕಿ ಹಡಗು ಹೋಗುತ್ತಿತ್ತು. ಊರಿನ ಶಾಸನಗಳಲ್ಲಿ ಮೂಡಕೇರಿ, ಪಡುವಕೇರಿಯ ಹಲರು ಇದ್ದಾರೆ. ಕಲ್ಲು ಕೆತ್ತಿ ದೇವಸ್ಥಾನ ನಿಲ್ಲಿಸಿದವರನ್ನು ಹುಡುಕಿದರೆ ಸಿಗುವುದು ಕಷ್ಟ.

ಎಸ್‌ಒಎಂನ ಮೂವರೂ ಈಗಿಲ್ಲ. 1984ರಲ್ಲಿ ಓವಿಂಗ್ಸ್ ಕೊನೆಯವರಾಗಿ ಹೋದರು. ಬೋರ್ಡಿನಲ್ಲಿ ಹೆಸರು ಹಾಗೇ ಇದೆ. ಇದನ್ನು ಫೋನಿನಲ್ಲಿ ಹೇಳಿದಾಗ ಮಾವ ನಕ್ಕರು. ಅವರ ದುಬೈ ದುಡ್ಡಿನಲ್ಲಿ ಊರಲ್ಲಿ ಕಟ್ಟಿಸಿದ ಕೆಂಪುಕಲ್ಲಿನ ಮನೆಗೆ ಕಾಗದದ ನಕ್ಷೆಯೇ ಇರಲಿಲ್ಲ. ಮೇಸ್ತ್ರಿ ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಗೀರಿ, ಇಲ್ಲಿ ಚಾವಡಿ, ಇಲ್ಲಿ ಅಡುಗೆಕೋಣೆ ಎಂದು ತೋರಿಸಿದ್ದರಂತೆ. ಅವರ ಹೆಸರೇನು ಎಂದು ಕೇಳಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿದರು.

"ಕೋಣಿ ಮೇಸ್ತ್ರಿ ಅಂದೇ ಕರಿತಿದ್ದಿತ್ತ್," ಅಂದರು.