ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಮೈಸೂರಿನಲ್ಲಿ ಹುಟ್ಟಿದ ಚಿತ್ರಕಾರ, ಉಬ್ಬುಶಿಲ್ಪಿ, ವೈಣಿಕ. ಊಟಿ ಮತ್ತು ಕೊಡೈಕೆನಾಲ್‌ನ ಜಲವರ್ಣ ಚಿತ್ರಗಳಿಂದ ಕರ್ನಾಟಕದ ಆಧುನಿಕ ನಿಸರ್ಗಚಿತ್ರಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರು.

ಅವರದು ಅರಮನೆಯ ಆಶ್ರಯದಲ್ಲಿ ಬಾಳಿದ ಚಿತ್ರಗಾರರ ಮನೆತನ. ಚಿನ್ನದ ರೇಕು ಅಂಟಿಸಿ ದೇವತೆಗಳನ್ನು ಬರೆಯುವ ಮೈಸೂರು ಶೈಲಿಯಲ್ಲಿ ಬೆಟ್ಟ, ಮರ, ಆಕಾಶಗಳಿಗೆ ಹಿನ್ನೆಲೆಯ ಸ್ಥಾನವಷ್ಟೇ. ಮೈಸೂರು ಸೀಮೆಯ ನೆಲವನ್ನೇ ವಸ್ತುವಾಗಿಸಿದ ಚಿತ್ರಗಳು ಮೊದಲೇ ಬಂದಿದ್ದವು ನಿಜ; ಆದರೆ ಅವು ಹೊರಗಿನವರ ಕೆಲಸ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಕೋಟೆ, ಬೆಟ್ಟಗಳ ನೋಟಗಳು 1794ರಲ್ಲಿ ಕೆತ್ತನೆಯ ಅಚ್ಚುಗಳಾಗಿ ಪ್ರಕಟವಾದವು. ಅವುಗಳಲ್ಲಿ ಸೊಬಗಿದ್ದರೂ ದಂಡಯಾತ್ರೆಯ ದಾಖಲೆಯೆಂಬ ಗುರುತು ಅಳಿಯದು.

ವೆಂಕಟಪ್ಪನವರ ಪ್ರತಿಭೆಯನ್ನು ಮೆಚ್ಚಿದ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಅವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್, ಅಸಿತ್ ಹಲ್ದಾರ್ ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಹಿಂದೂ, ಬೌದ್ಧ ಪುರಾಣಕಥೆಗಳನ್ನು ನಿರೂಪಿಸಿದ 1913ರ ಗ್ರಂಥದಲ್ಲಿ ವೆಂಕಟಪ್ಪನವರ ರಾಮಾಯಣ ಚಿತ್ರಗಳು ಅಚ್ಚಾದವು. ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಿನಂತೆ ಹರಡುವ ಬಂಗಾಳ ಶೈಲಿಯ ವಾಶ್ ವಿಧಾನ ಕಲ್ಕತ್ತೆಯಲ್ಲಿ ಅವರಿಗೆ ಕೈವಶವಾಯಿತು.

ಮೈಸೂರಿಗೆ ಮರಳಿದ ಮೇಲೆ ಅವರು ಆ ಶೈಲಿಯಲ್ಲೇ ನಿಲ್ಲಲಿಲ್ಲ. 1920 ಮತ್ತು 1930ರ ದಶಕಗಳ ಊಟಿ, ಕೊಡೈಕೆನಾಲ್ ಮಾಲಿಕೆಗಳಲ್ಲಿ ಪುರಾಣ ಹಿಂದೆ ಸರಿದು ಕಣ್ಣೆದುರಿನ ಕೆರೆ, ಕಣಿವೆ, ಮೋಡ, ಬೆಳಕುಗಳೇ ವಸ್ತುವಾದವು. ವಾಶ್ ವಿಧಾನ ಕಲಿಸಿದ ಮೃದುತ್ವ ಇಲ್ಲಿಯೂ ಇದೆ. ಆದರೆ ಅದು ಭಾವುಕತೆಗೆ ಜಾರದಂತೆ ಎಲೆಯೆಲೆಯನ್ನೂ ಗಮನಿಸಿದ ಕಣ್ಣು ಹಿಡಿದು ನಿಲ್ಲಿಸಿದೆ. ಮನುಷ್ಯಾಕೃತಿ ವಿರಳ. ಬೆಟ್ಟದ ಮೇಲಿನ ಹೊತ್ತು ಹೊತ್ತಿನ ಬದಲಾವಣೆಯೇ ಈ ಚಿತ್ರಗಳ ಕಥೆ. ಅವರ ಒಟ್ಟು ಸಾಧನೆಯಲ್ಲಿ ಅತ್ಯಂತ ಸ್ವಂತದ್ದೆನ್ನಿಸುವ ಭಾಗ ಇದೇ.

ಗಾರೆಯ ಉಬ್ಬುಶಿಲ್ಪಗಳಲ್ಲಿ, ದಂತದ ಮೇಲಿನ ಕಿರುಚಿತ್ರಗಳಲ್ಲಿಯೂ ಇದೇ ಸೂಕ್ಷ್ಮತೆ ಕಾಣುತ್ತದೆ. ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ ವರ್ಷಗಳ ಕಾಲ ವೀಣಾಭ್ಯಾಸದಲ್ಲಿ ಮುಳುಗಿದ್ದ ಅವರು ಆ ಸೆಳೆತವನ್ನೇ ವಸ್ತುವಾಗಿಸಿ ಆತ್ಮಕಥನದಂಥ ಚಿತ್ರವೊಂದನ್ನೂ ಬರೆದರು. ಮದುವೆಯಾಗಲಿಲ್ಲ. ದಿನಚರಿ ಬರೆಯುವುದರಲ್ಲಿಯೂ ಕಟ್ಟುನಿಟ್ಟು.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ, ಅರಮನೆಗಾಗಿ ಕೈಗೊಂಡಿದ್ದ ಉಬ್ಬುಶಿಲ್ಪಗಳ ಕೆಲಸದ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ತನ್ನ ಶ್ರಮಕ್ಕೆ ಬೆಲೆ ಕೇಳುವ ಹಕ್ಕು ಕಲಾವಿದನಿಗೆ ಇದೆಯೆಂಬ ಅವರ ನಿಲುವು, ಆಶ್ರಯದ ಕಾಲದಿಂದ ವೃತ್ತಿಯ ಕಾಲಕ್ಕೆ ಕಲೆ ದಾಟುತ್ತಿದ್ದುದನ್ನು ತೋರಿಸುತ್ತದೆ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಅವರ ಕೃತಿಗಳ ಮುಖ್ಯ ಸಂಗ್ರಹ, 1970ರ ದಶಕದಲ್ಲಿ ಅಲ್ಲಿನ ಕಸ್ತೂರ್ಬಾ ರಸ್ತೆಯಲ್ಲಿ ಸ್ಥಾಪನೆಯಾದ ವೆಂಕಟಪ್ಪ ಚಿತ್ರಶಾಲೆಯಲ್ಲಿದೆ.