ಗುರುತಿನ ಕಳವು: ಬೆರಳಚ್ಚಿಗೂ ಬೇಕು ಒಂದು ಬೀಗ

ಒಬ್ಬರ ಹೆಸರು, ಗುರುತಿನ ಸಂಖ್ಯೆ, ಸಹಿ ಅಥವಾ ಬೆರಳಚ್ಚನ್ನು ಅವರ ಅರಿವಿಗೆ ಬಾರದಂತೆ ಬಳಸಿ ಹಣ, ಸಾಲ ಇಲ್ಲವೆ ಸಿಮ್ ಕಾರ್ಡ್ ಪಡೆಯುವುದನ್ನು ಗುರುತಿನ ಕಳವು ಎನ್ನುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಪಾಸ್‌ವರ್ಡ್ ಸೋರಿದರೆ ಹೊಸದನ್ನು ಇಟ್ಟುಕೊಳ್ಳಬಹುದು, ಬೆರಳಚ್ಚನ್ನು ಬದಲಾಯಿಸಲಾಗದು. ಅಬಿಡ್ಸ್ ಸುತ್ತಮುತ್ತ ನೆಲೆಸಿ, ಕಲಬುರಗಿ, ಬೀದರ್, ರಾಯಚೂರು ಕಡೆ ಮನೆ, ಹೊಲ ಉಳಿಸಿಕೊಂಡಿರುವ ಕನ್ನಡ ಕುಟುಂಬಗಳು ಎರಡು ರಾಜ್ಯಗಳಲ್ಲಿ ನಡೆದ ಈ ಪ್ರಕರಣಗಳನ್ನು ಗಮನಿಸಬೇಕು.

ನೋಂದಣಿ ಪತ್ರದಿಂದ ಬೆರಳಚ್ಚು

2018ರ ಜೂನ್‌ನಲ್ಲಿ ಹೈದರಾಬಾದ್ ಪೊಲೀಸರು ಪೆದ್ದಪಲ್ಲಿ ಜಿಲ್ಲೆಯ ಸಿಮ್ ವಿತರಕನೊಬ್ಬನನ್ನು ಬಂಧಿಸಿದರು. ನೋಂದಣಿ ಇಲಾಖೆಯ ಜಾಲತಾಣದಿಂದ ಆಸ್ತಿ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ರಬ್ಬರ್ ಅಚ್ಚು ತಯಾರಿಸಿ, ಸಾವಿರಾರು ಸಿಮ್‌ಗಳನ್ನು ಚಾಲನೆಗೊಳಿಸಿದನೆಂಬುದು ಆರೋಪ. 2023ರಲ್ಲಿ ಬೆಂಗಳೂರಿನಲ್ಲಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಾಯಿಸಿದ ಹಲವರು ತಮ್ಮ ಖಾತೆಯಿಂದ ಹಣ ಹೋಗಿದೆಯೆಂದು ಪೊಲೀಸರಿಗೆ ದೂರಿತ್ತರು. ಅವರ ಆಧಾರ್ ಮತ್ತು ಬೆರಳಚ್ಚಿನ ದುರ್ಬಳಕೆಯ ಬಗ್ಗೆ ತನಿಖೆ ನಡೆಯಿತು.

ಹಣ ಹೋಗುವ ದಾರಿ

ಎಇಪಿಎಸ್ ಎಂಬ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯು ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಗಳಲ್ಲಿಯೂ ನಗದು ದೊರಕಿಸುವ ಉಪಯುಕ್ತ ಸೌಲಭ್ಯ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇವಿಷ್ಟಿದ್ದರೆ ಹಣ ಪಡೆಯಬಹುದು. ಕಾರ್ಡ್, ಪಿನ್, ಒಟಿಪಿ ಯಾವುದೂ ಬೇಕಿಲ್ಲ. ಆದ್ದರಿಂದ "ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆಯೊಂದೇ ಇಲ್ಲಿ ಕಾಯದು. ಊರಿನ ಶಾಖೆಯಲ್ಲಿ ಮರೆತುಬಿಟ್ಟ ಹಳೆಯ ಖಾತೆಗೂ ಆಧಾರ್ ಜೋಡಣೆಯಾಗಿದ್ದರೆ ಅದೂ ಇದೇ ಅಪಾಯಕ್ಕೆ ಒಳಪಡುತ್ತದೆ. ಆ ಖಾತೆಯಲ್ಲಿರುವುದು ಈಗ ಬಳಕೆಯಲ್ಲಿಲ್ಲದ ಮೊಬೈಲ್ ಸಂಖ್ಯೆಯಾದರೆ ಹಣ ಹೋದ ಸಂದೇಶವೂ ನಿಮ್ಮನ್ನು ತಲುಪುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಬಯೋಮೆಟ್ರಿಕ್ ಬೀಗ: ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ಬೆರಳಚ್ಚು, ಕಣ್ಣು ಮತ್ತು ಮುಖದ ದೃಢೀಕರಣಕ್ಕೆ ಬೀಗ ಹಾಕಬಹುದು. ಇದಕ್ಕೆ ಶುಲ್ಕವಿಲ್ಲ. ಒಟಿಪಿ ಮೂಲಕ ನಡೆಯುವ ಕೆಲಸಗಳಿಗೆ ಅಡ್ಡಿಯಾಗದು. ಅಗತ್ಯ ಬಿದ್ದಾಗ ತಾತ್ಕಾಲಿಕವಾಗಿ ತೆರೆಯಬಹುದು. ನವೆಂಬರ್‌ನಲ್ಲಿ ಜೀವನ್ ಪ್ರಮಾಣ್ ಸಲ್ಲಿಸುವ ಪಿಂಚಣಿದಾರರು ಇದನ್ನು ನೆನಪಿಡಬೇಕು. ಹಿರಿಯರಿಗೆ ಮಕ್ಕಳು ನೆರವಾಗುವುದು ಉಚಿತ.

2. ದೃಢೀಕರಣದ ದಾಖಲೆ: ನಿಮ್ಮ ಆಧಾರ್ ಯಾವಾಗ ಬಳಕೆಯಾಯಿತೆಂಬ ಕಳೆದ ಆರು ತಿಂಗಳ ವಿವರ ಅದೇ ಜಾಲತಾಣದಲ್ಲಿ ದೊರೆಯುತ್ತದೆ.

3. ಮೊಬೈಲ್ ಸಂಖ್ಯೆ: ಊರಿನ ಖಾತೆಗಳಿಗೂ ಆಧಾರ್‌ಗೂ ಈಗಿನ ಸಂಖ್ಯೆಯನ್ನೇ ನೀಡಿ. ನಿಮ್ಮ ಹೆಸರಿನಲ್ಲಿರುವ ಸಂಪರ್ಕಗಳನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ, ಗೊತ್ತಿಲ್ಲದವುಗಳ ಬಗ್ಗೆ ಅಲ್ಲಿಯೇ ದೂರು ನೀಡಬಹುದು.

4. ಜೆರಾಕ್ಸ್ ಪ್ರತಿಗಳು: ಸಾಧ್ಯವಿರುವ ಕಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿ. ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕ ಬರೆಯಿರಿ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್‌ನಲ್ಲಾಗಲಿ ಬೇರೆಲ್ಲಾಗಲಿ ಹಳೆಯ ಫೋನ್ ಮಾರುವ ಮೊದಲು ಸಿಮ್ ತೆಗೆದು, ಒಳಗಿನ ದಾಖಲೆಗಳನ್ನು ಸಂಪೂರ್ಣವಾಗಿ ಅಳಿಸಿ.

5. ಸಾಲದ ವರದಿ: ಸಿಬಿಲ್ ಮೊದಲಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಇದೆ. ನೀವು ಪಡೆಯದ ಸಾಲ ನಿಮ್ಮ ಹೆಸರಿನಲ್ಲಿದ್ದರೆ ಅದರಿಂದ ತಿಳಿಯುತ್ತದೆ.

ಹಣ ಹೋಗಿದ್ದರೆ

ಮೊದಲು ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದೆ ಸಾಗುವ ಮೊದಲು ತಡೆಹಿಡಿಯುವ ಸಾಧ್ಯತೆ ಆಗ ಹೆಚ್ಚು. ಬಯೋಮೆಟ್ರಿಕ್ ಬೀಗವನ್ನು ಅಂದೇ ಹಾಕಿ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ವ್ಯವಸ್ಥೆಯ ಬೇರೆಡೆ ಲೋಪವಾಗಿದ್ದಲ್ಲಿ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರು ನಷ್ಟ ಹೊರಬೇಕಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಹೀಗಾಗಿ ಪಾಸ್‌ಬುಕ್ಕನ್ನು ಊರಿಗೆ ಹೋದಾಗ ನೋಡಿದರಾಯಿತೆಂದು ಬಿಡುವುದು ತರವಲ್ಲ. ತಡವಾದಷ್ಟೂ ಗ್ರಾಹಕರ ಪಾಲಿನ ರಕ್ಷಣೆ ಕಡಿಮೆಯಾಗುತ್ತದೆ.