ಪರದೇಶಿ

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: ‘ಆ ಕಡೆ ಹೋಗಬ್ಯಾಡೋ, ಮೆಂಟಲ್ ಕುಂತೈತಿ.’ ಕಂಬಕ್ಕೊರಗಿ ಗೋಣಿಚೀಲ ಹೊದ್ದು ಕೂತಿದ್ದವನ ಬಗ್ಗೆ ಆ ಮಾತು. ಬಾರಿಹಣ್ಣು ಮಾರುತ್ತಿದ್ದ ಆಯಿ ಅಲ್ಲೇ ತಿದ್ದಿದಳು: ‘ಹಂಗ ಅನಬಾರ್ದೋ ತಮ್ಮಾ. ಪರದೇಶಿ ಐತಿ, ಪಾಪ.’

ಬೆಂಗಳೂರಿನವರಿಗೆ ಪರದೇಶಿ ಎಂದರೆ ವಿಮಾನದಿಂದ ಇಳಿದವನು. ನಮ್ಮಲ್ಲಿ ತಾಯಿತಂದೆ ಇಲ್ಲದ ಕೂಸು ಪರದೇಶಿ, ಮಕ್ಕಳು ಕೈಬಿಟ್ಟ ಮುದುಕಿ ಪರದೇಶಿ. ಹುಟ್ಟಿದ ಓಣಿಯಲ್ಲೇ ಇದ್ದೂ ಪರದೇಶಿ ಆಗಬಹುದು. ನಮ್ಮ ಕಡೆಯ ಕಾಗವಾಡದ ಮಗ್ಗುಲಿಗೇ ಮಹಾರಾಷ್ಟ್ರ. ಹೆಣ್ಣು ಕೊಡುವುದು, ತರುವುದು ಮಿರಜ, ಸಾಂಗಲಿ ಕಡೆ. ಗಡಿ ದಾಟಿದ ಮಾತ್ರಕ್ಕೆ ಇಲ್ಲಿ ಯಾರೂ ಹೊರಗಿನವರಾಗುವುದಿಲ್ಲ. ಅದಕ್ಕೇ ಈ ಪದ ನಕಾಶೆ ಬಿಟ್ಟು ಮನುಷ್ಯರ ಕಡೆ ಹೊರಳಿತು ಎಂಬುದು ನನ್ನ ಗಟ್ಟಿ ನಂಬಿಕೆ. ‘ಯಾವೂರಪ್ಪಾ? ಯಾರ ಪೈಕಿ?’ ಎಂದು ಕೇಳುವವರಿಲ್ಲದವನೇ ಪರದೇಶಿ. ನಿಘಂಟು ಒಪ್ಪದಿದ್ದರೆ ನಾನು ಆಯಿಯ ಪಕ್ಷ.

ಹಾಗೆ ಕೇಳುವ ಜಾಗ ಹಿಂದೆ ಬಾವಿಕಟ್ಟೆ. ‘ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು?’ ಎಂಬ ಗಾದೆಯನ್ನು ನಾವು ಅವಸರ ಮಾಡುವವರನ್ನು ತಡೆಯಲು ಬಳಸುತ್ತೇವೆ: ತಾಳು, ಸಿಗುತ್ತಾಳೆ ಎಂದು. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಊರಿಗೆ ಬಂದ ಹೆಂಗಸು ಬಾವಿಗೆ ಬರಲೇಬೇಕು, ಬಂದರೆ ಹಗ್ಗ ಕೇಳಲೇಬೇಕು, ಹಗ್ಗ ಕೊಡುವವಳು ಊರು ಕೇಳದೆ ಬಿಡುವುದಿಲ್ಲ. ಕೊಡ ತುಂಬುವಷ್ಟರಲ್ಲಿ ಹೊಸಬಳ ತವರು, ಗಂಡ, ಕಷ್ಟ ಎಲ್ಲ ಓಣಿಗೆ ಗೊತ್ತು. ಎಲ್ಲರಿಗೂ ಬಾವಿ ಬಿಡುತ್ತಿರಲಿಲ್ಲ, ಜಾತಿ ನೋಡಿ ಬಿಡುತ್ತಿದ್ದರು; ಆ ಅನ್ಯಾಯವನ್ನು ಗಾದೆ ಬಚ್ಚಿಟ್ಟಿದೆ. ಆದರೂ ಹಗ್ಗ ಕೈಬದಲಾಗುವ ಆ ಗಳಿಗೆ ದೊಡ್ಡದು. ಈಗ ಮನೆಮನೆಗೆ ನಳ. ಊರಿಗೆ ಬಂದಾಕಿ ಯಾವ ನೀರಿಗೆ ಬರಬೇಕು? ಹೋಟೆಲಿನ ನಳಕ್ಕೆ ಕೈಯೊಡ್ಡಿದರೆ ‘ಏ, ನಡಿ’ ಅನ್ನುತ್ತಾರೆ.

ಸರ್ಕಾರಿ ಕಾಗದದಲ್ಲಿ ಬೀದಿಯಲ್ಲಿ ಮಲಗುವ ಪರದೇಶಿಗಳು ‘ವಸತಿರಹಿತರು’. 2011ರ ಜನಗಣತಿ ದೇಶದಲ್ಲಿ ಇಂಥವರನ್ನು 17.7 ಲಕ್ಷ ಎಂದು ಎಣಿಸಿತು. ಇವರಿಗಾಗಿ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣ ಎಂಬುದು ನಿಯಮ. ಆ ಗಣತಿಯಲ್ಲಿ ನಿಪ್ಪಾಣಿ, ಅಥಣಿ, ಚಿಕ್ಕೋಡಿ ಯಾವುದೂ ಲಕ್ಷ ಮುಟ್ಟಿರಲಿಲ್ಲ. ಹಾಗಾದರೆ ಸಣ್ಣ ಊರಿನ ಚಳಿ ಚಳಿಯಲ್ಲವೇ? ಫೋಟೋ ತೆಗೆದು ಬಿಸ್ಕಿಟ್ ಪುಡಿಕೆ ಹಂಚುವವರ ಬಾಯಲ್ಲಂತೂ ಅವರು ‘ಫಲಾನುಭವಿ’ಗಳು. ಇದಕ್ಕಿಂತ ತಣ್ಣನೆಯ ಪದ ನಾನು ಕೇಳಿಲ್ಲ. ಒಮ್ಮೆ ಕೃಷ್ಣೆ ಉಕ್ಕಿದಾಗ ಮನೆ ಬಿಟ್ಟವರು ಸೇರಿದ ಜಾಗಕ್ಕೆ ‘ಕಾಳಜಿ ಕೇಂದ್ರ’ ಎಂದು ಹೆಸರಿತ್ತು. ಅದೊಂದು ಹೆಸರು ಮಾತ್ರ ಚೆನ್ನಾಗಿತ್ತು.

ರಾಯಬಾಗ ಸ್ಟೇಷನ್ ಹತ್ತಿರ ಒಬ್ಬ ಚಾದವನಿದ್ದಾನೆ. ಬೆಳಗಿನ ಮೊದಲ ಚಾ ಅಲ್ಲಿ ಮಲಗುವ ಮುದುಕನಿಗೆ. ಕಾಗದದ ಕಪ್ಪಲ್ಲ, ಕಪ್ಪು-ಬಸಿಯಲ್ಲೇ ಕೊಡುತ್ತಾನೆ. ‘ಕಾಕಾ, ಆರತೈತಿ ನೋಡ್ರಿ.’ ಮುದುಕ ಬಸಿಗೆ ಸುರುವಿಕೊಂಡು ಒಂದು ಗುಟುಕು ಹೀರಿ, ‘ಸಕ್ರಿ ಕಡಿಮಿ ಆತಲ್ಲೋ’ ಎಂದು ಗೊಣಗುತ್ತಾನೆ. ಇವನು ‘ನಿಮಗ ದಿನಾ ಕಡಿಮೀನ’ ಎಂದು ರೇಗುತ್ತಾ ಅರ್ಧ ಚಮಚ ಹಾಕುತ್ತಾನೆ. ಫಲಾನುಭವಿ ಹೀಗೆ ಗೊಣಗುತ್ತಾನೆಯೇ? ಕಾಕಾ ಮಾತ್ರ ಗೊಣಗುತ್ತಾನೆ.

ಪುರಸಭೆಯವರಲ್ಲಿ ನನ್ನದೊಂದೇ ಬೇಡಿಕೆ: ಸಂತೆ ಬಯಲಲ್ಲಿ ರಾತ್ರಿಯೂ ನೀರು ಬರುವ ಒಂದು ನಳ ಹಾಕಿಸಿ. ಬೇಕಾದರೆ ಊರವರೂ ಅಲ್ಲೇ ಕೊಡ ಹಿಡಿಯಲಿ.